ಸಿ ಮೆಮೊರಿಯ ಮರುಕಲಿಕೆ: ರಿಯಾಲಕ್‌ನಿಂದ ಶುರು ಮಾಡಿದೆ

ಡಾಸ್ ಕಾಲದ ಕಂಪೈಲರ್ ಟರ್ಬೊ ಸಿಯಲ್ಲಿ ಕಲಿತ ಕೈ 64 ಬಿಟ್ ಲಿನಕ್ಸ್‌ನ ಜಿಸಿಸಿ ಕಂಪೈಲರ್‌ಗೆ ಬಂದಾಗ ಮೊದಲು ಬಿಡಬೇಕಾದದ್ದು ಹಳೆಯ ಅಳತೆ. ಅಲ್ಲಿ ಇಂಟ್ 2 ಬೈಟ್. ಇಲ್ಲಿ 4, ವಿಳಾಸ ಹಿಡಿದಿಡುವ ಪಾಯಿಂಟರ್ 8. ಮೆಮೊರಿ ಕೇಳಿ ಪಡೆಯುವ ಮ್ಯಾಲಕ್ ಒಳಗೆ ನೇರ ಅಂಕಿ ಇದ್ದ ಕಡೆಯೆಲ್ಲ ‘ಎನ್ * ಸೈಜ್‌ಆಫ್ *ಪಿ’ ಹಾಕಿದೆ: ಎನ್ ಅಂಶಗಳ ಎಣಿಕೆ, ಪಿ ಆ ಜಾಗದ ಪಾಯಿಂಟರ್, ಸೈಜ್‌ಆಫ್ ಒಂದು ಅಂಶದ ಬೈಟ್ ಲೆಕ್ಕ. ಪಿ ಹಿಂದಿನ ಆ ನಕ್ಷತ್ರ ಬಿಟ್ಟುಹೋದರೆ ಪಾಯಿಂಟರಿನದೇ 8 ಬೈಟ್ ಲೆಕ್ಕ ಬರುತ್ತದೆ. 40 ಬೈಟಿನ ಸ್ಟ್ರಕ್ಚರ್‌ಗೆ ಅದು ಸಾಲುವುದಿಲ್ಲ. ಸ್ಟ್ರಿಂಗ್‌ಗಾದರೆ ಉದ್ದಕ್ಕೆ 1 ಕೂಡಿಸಲೇಬೇಕು, ಕೊನೆಯ ಸೊನ್ನೆಗೂ ಜಾಗ ಬೇಕು.

ಪಾಠಗಳಲ್ಲಿ ಲಿಂಕ್ಡ್ ಲಿಸ್ಟ್ (ಪ್ರತಿ ನೋಡ್ ಮುಂದಿನದರ ವಿಳಾಸ ಹೊತ್ತ ಸರಪಳಿ) ಮೊದಲು ಬರುತ್ತದೆ. ನಾನು ಬೆಳೆಯುವ ಅರೇಯನ್ನು ಮೊದಲು ಬರೆದೆ. ಮೆಮೊರಿಯ ವಿಳಾಸ ಬದಲಾಗಬಲ್ಲದು ಎಂಬುದು ಅಲ್ಲಿಯೇ ಮನದಟ್ಟಾಗುವುದು. ಸ್ಟ್ರಕ್ಚರ್‌ನಲ್ಲಿ ಮೂರೇ ಫೀಲ್ಡ್: ಡೇಟಾ ಪಾಯಿಂಟರ್, ತುಂಬಿದ ಎಣಿಕೆ, ಒಟ್ಟು ಜಾಗ. ಜಾಗ 8ರಿಂದ ಶುರು, ತುಂಬಿದಾಗಲೆಲ್ಲ ಇಮ್ಮಡಿ. 1,000 ಅಂಶಗಳಿಗೆ 7 ಸಲ ಬೆಳೆಸಿದರೆ ಸಾಕು. ಎಂಟೆಂಟೇ ಸೇರಿಸುತ್ತ ಹೋದರೆ 124 ಸಲ, ಪ್ರತಿ ಸಲವೂ ಹಿಂದಿನದೆಲ್ಲ ನಕಲಾಗಬಹುದು.

ಹೀಗೆ ಪಡೆದ ಜಾಗದ ಅಳತೆ ಬದಲಿಸುವುದು ರಿಯಾಲಕ್. ‘ಪಿ = ರಿಯಾಲಕ್(ಪಿ, ಎನ್)’ (ಇಲ್ಲಿ ಎನ್ ಬೈಟ್ ಲೆಕ್ಕ) ಎಂದು ಬರೆಯಬಾರದು. ಜಾಗ ಸಿಗದಿದ್ದರೆ ಪಿ ನಲ್ (ಯಾವ ವಿಳಾಸವೂ ಇಲ್ಲದ್ದು) ಆಗುತ್ತದೆ. ಹಳೆಯ ಬ್ಲಾಕ್ ಹಾಗೇ ಉಳಿದಿರುತ್ತದೆ, ಅದನ್ನು ತಲುಪುವ ದಾರಿಯೇ ಇರುವುದಿಲ್ಲ. ಟೆಂಪ್ ಎಂಬ ತಾತ್ಕಾಲಿಕ ಪಾಯಿಂಟರಿಗೆ ಪಡೆದು, ನಲ್ ಅಲ್ಲವೆಂದು ನೋಡಿ, ಆಮೇಲೆ ಪಿಗೆ ಕೊಟ್ಟೆ. ಇದಕ್ಕಿಂತ ಕಾಡುವುದು ಇನ್ನೊಂದು ತಪ್ಪು: ಅರೇಯ ಮೂರನೇ ಅಂಶದ ವಿಳಾಸವನ್ನು ಬೇರೆ ಪಾಯಿಂಟರಿನಲ್ಲಿ ಇಟ್ಟುಕೊಂಡಿರುತ್ತೇವೆ, ಒಂಬತ್ತನೆಯದನ್ನು ಸೇರಿಸಿದಾಗ ಅರೇ ಬೇರೆ ಕಡೆಗೆ ಹೋಗುತ್ತದೆ, ಪಾಯಿಂಟರ್ ಹಳೆಯ ಜಾಗವನ್ನೇ ತೋರಿಸುತ್ತಿರುತ್ತದೆ. ಸಣ್ಣ ಪರೀಕ್ಷೆಗಳಲ್ಲಿ ರಿಯಾಲಕ್ ಇದ್ದಲ್ಲೇ ಹಿಗ್ಗಿಸಬಹುದು, ಆಗ ತಪ್ಪು ಕಾಣುವುದೇ ಇಲ್ಲ. ಹಾಗಾಗಿ ವಿಳಾಸದ ಬದಲು ಇಂಡೆಕ್ಸ್ ಇಟ್ಟುಕೊಂಡೆ.

ಲಿಂಕ್ಡ್ ಲಿಸ್ಟ್ ಆಮೇಲೆ ಸುಲಭವಾಯಿತು. ನೋಡ್‌ನ ಜಾಗ ಹಿಂತಿರುಗಿಸುವ, ಅಂದರೆ ಫ್ರೀ ಮಾಡುವ ಮುನ್ನ ಮುಂದಿನ ನೋಡ್‌ನ ವಿಳಾಸವಾದ ನೆಕ್ಸ್ಟ್ ಅನ್ನು ತೆಗೆದಿಟ್ಟುಕೊಳ್ಳಬೇಕು. ಅಳಿಸುವ ಫಂಕ್ಷನ್‌ಗೆ ಪಾಯಿಂಟರಿನ ಪಾಯಿಂಟರ್ ಕೊಟ್ಟರೆ ಮೊದಲ ನೋಡ್‌ಗೆಂದೇ ಬೇರೆ ಇಫ್ ಬೇಕಿಲ್ಲ. ಬೆಲೆಯೂ ಗೊತ್ತಿರಲಿ: 64 ಬಿಟ್ ಲಿನಕ್ಸ್‌ನಲ್ಲಿ ಒಂದು ಇಂಟ್ ಇರುವ ನೋಡ್ 16 ಬೈಟ್, ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿಯ ಮ್ಯಾಲಕ್ ಅದಕ್ಕೆ ಹಿಡಿಯುವುದು 32. ಹತ್ತು ಲಕ್ಷ ಇಂಟ್‌ಗೆ ಅರೇಯಲ್ಲಿ 40 ಲಕ್ಷ ಬೈಟ್ ಸಾಕಾದರೆ ಲಿಸ್ಟಿಗೆ 3.2 ಕೋಟಿ. ನಡುವೆ ತೂರಿಸುವ, ತೆಗೆಯುವ ಕೆಲಸ ಹೆಚ್ಚಿಲ್ಲದಿದ್ದರೆ ನಾನು ಲಿಸ್ಟ್ ಬಳಸುವುದಿಲ್ಲ.

ಪ್ರತಿ ಕಂಪೈಲಿಗೂ ‘-ಜಿ -ವಾಲ್ -ಎಫ್‌ಸ್ಯಾನಿಟೈಜ್=ಅಡ್ರೆಸ್’ ಸೇರಿಸಿದೆ; ಕೊನೆಯದು ಪ್ರೋಗ್ರಾಮ್ ಓಡುವಾಗ ಮೆಮೊರಿ ತಪ್ಪು ಹಿಡಿಯುವ ಸ್ಯಾನಿಟೈಸರ್. ಸ್ಯಾನಿಟೈಸರ್ ಇರುವಾಗ ರಿಯಾಲಕ್ ಪ್ರತಿ ಸಲವೂ ಹೊಸ ಜಾಗಕ್ಕೇ ಒಯ್ಯುತ್ತದೆ, ಆದ್ದರಿಂದ ಮೇಲಿನ ಅಡಗಿದ ತಪ್ಪು ಮೊದಲ ಓಟದಲ್ಲೇ ಸಿಕ್ಕಿಬೀಳುತ್ತದೆ. ಇದರ ಜೊತೆಗೇ ಮೆಮೊರಿ ತಪ್ಪು ಹುಡುಕುವ ಇನ್ನೊಂದು ಸಾಧನ ವಾಲ್‌ಗ್ರಿಂಡ್ ಓಡಿಸಬಾರದು. ಅದಕ್ಕೆ ಬೇರೆ ಬಿಲ್ಡ್ ಬೇಕು. ಫ್ರೀ ಆದ ಜಾಗವನ್ನು ಮುಟ್ಟಿದಾಗ ಬರುವ ಸ್ಯಾನಿಟೈಸರ್ ವರದಿಯಲ್ಲಿ ಮೂರು ಭಾಗ: ಎಲ್ಲಿ ಮುಟ್ಟಿತು, ಎಲ್ಲಿ ಫ್ರೀ ಆಯಿತು, ಎಲ್ಲಿ ಹುಟ್ಟಿತು. ನಾನು ನಡುವಿನದನ್ನು ಮೊದಲು ಓದುತ್ತೇನೆ. ತಿದ್ದಬೇಕಾದ ಸಾಲು ಹೆಚ್ಚಾಗಿ ಅಲ್ಲೇ ಇರುತ್ತದೆ.