ಬಡಾವಣೆಯೊಳಗಿನ ಮುಚ್ಚಿದ ಗಾಲ್ಫ್ ಮೈದಾನದ ಮರುಬಳಕೆ: ನಿವಾಸಿಗಳ ಸಂಘಕ್ಕೊಂದು ಕೈಪಿಡಿ

ಅಮೆರಿಕದಲ್ಲಿ 2006ರ ನಂತರ ಹಲವು ವರ್ಷಗಳ ಕಾಲ ಹೊಸದಾಗಿ ತೆರೆದ ಗಾಲ್ಫ್ ಮೈದಾನಗಳಿಗಿಂತ ಬಾಗಿಲು ಮುಚ್ಚಿದವೇ ಹೆಚ್ಚು. ಅವುಗಳಲ್ಲಿ ಅನೇಕವು ಫ್ಲೋರಿಡಾ, ಅರಿಜೋನಾ, ನೆವಾಡಾ ರಾಜ್ಯಗಳಲ್ಲಿ ಮನೆಗಳ ಸಾಲಿನ ನಡುವೆಯೇ ಇರುವುದರಿಂದ, ಆ ಜಾಗದಲ್ಲಿ ಮುಂದೇನಾಗಬೇಕೆಂಬುದು ಸುತ್ತಲಿನ ಪ್ರತಿ ಕುಟುಂಬವನ್ನೂ ತಟ್ಟುತ್ತದೆ.

ನಕ್ಷೆ ಬಿಡಿಸುವ ಮೊದಲು ಕೌಂಟಿ (ಅಮೆರಿಕದಲ್ಲಿ ಜಿಲ್ಲೆಯಂಥ ಆಡಳಿತ ವಿಭಾಗ) ಕಚೇರಿಯಲ್ಲಿ ಆ ಜಾಗದ ಬಗ್ಗೆ ನೋಂದಾಯಿತವಾದ ದಾಖಲೆಗಳನ್ನು ತೆಗೆಸಿ, ವಕೀಲರೊಂದಿಗೆ ಕುಳಿತು ಓದಿರಿ. ಹಸಿರು ನೋಟಕ್ಕೆಂದೇ ಹೆಚ್ಚು ಬೆಲೆ ಕೊಟ್ಟು ಮನೆ ಕೊಂಡವರ ನೋವು ನ್ಯಾಯವಾದದ್ದೇ. ಆದರೆ ಹಕ್ಕು ಹುಟ್ಟುವುದು ದಾಖಲೆಯಲ್ಲಿ. ಫೀನಿಕ್ಸ್ ನಗರದ ಅಹ್ವಾಟುಕೀ ಲೇಕ್ಸ್ ಮೈದಾನವು 2013ರಲ್ಲಿ ಮುಚ್ಚಿದಾಗ, ಆ ಜಾಗವನ್ನು ಗಾಲ್ಫ್‌ಗೇ ಬಳಸಬೇಕೆಂಬ ನೋಂದಾಯಿತ ಷರತ್ತು ಇದ್ದುದರಿಂದ ನಿವಾಸಿಗಳು ನ್ಯಾಯಾಲಯದಲ್ಲಿ ಗೆದ್ದರು, ಮೈದಾನವನ್ನು ಮತ್ತೆ ಸಿದ್ಧಗೊಳಿಸುವಂತೆ ಆದೇಶವೂ ಆಯಿತು. ಇದಕ್ಕೆ ವ್ಯತಿರಿಕ್ತವಾಗಿ ಲಾಸ್ ವೇಗಸ್‌ನ ಬ್ಯಾಡ್‌ಲ್ಯಾಂಡ್ಸ್ ಎಂಬ ಗಾಲ್ಫ್ ಮೈದಾನದ ಪ್ರಕರಣದಲ್ಲಿ, ಮನೆ ಕಟ್ಟಲು ನಗರಾಡಳಿತ ಅನುಮತಿ ಕೊಡದೆ ತಡೆದದ್ದು ಭೂಮಿಯನ್ನೇ ಕಸಿದುಕೊಂಡಂತೆ ಎಂದು ತೀರ್ಮಾನವಾಯಿತು. 35 ಎಕರೆಯ ಒಂದು ಭಾಗಕ್ಕೇ ನಗರಾಡಳಿತವು ಜಾಗದ ಮಾಲೀಕರಿಗೆ ಸುಮಾರು 4.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂಬುದನ್ನು ನೆವಾಡಾ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಎತ್ತಿಹಿಡಿಯಿತು. ಆದ್ದರಿಂದ ‘ಏನೂ ಕಟ್ಟಬಾರದು’ ಎಂಬ ಒಂದೇ ಬೇಡಿಕೆಯನ್ನು ನೆಚ್ಚಿಕೊಳ್ಳುವುದು ಅಪಾಯಕರ.

ಎರಡನೆಯ ಕೆಲಸ ಮಣ್ಣಿನ ಪರೀಕ್ಷೆ. ನನ್ನ ದೃಷ್ಟಿಯಲ್ಲಿ ಯಾವ ಸಂಘವೂ ಇದರಲ್ಲಿ ರಾಜಿಯಾಗಬಾರದು. ದಶಕಗಳ ಕಾಲ ಎಂಎಸ್‌ಎಂಎ ಎಂಬ ಆರ್ಸೆನಿಕ್‌ಯುಕ್ತ ಕಳೆನಾಶಕವನ್ನೂ, ಹಳೆಯ ಮೈದಾನಗಳಲ್ಲಿ ಪಾದರಸ ಬೆರೆತ ಶಿಲೀಂಧ್ರನಾಶಕಗಳನ್ನೂ ಸಿಂಪಡಿಸಿದ್ದಾರೆ. ಇವುಗಳ ಶೇಷ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮತ್ತು ಟೀಗಳಲ್ಲಿ (ಮೊದಲ ಹೊಡೆತದ ಜಾಗ), ಔಷಧಿ ಬೆರೆಸುತ್ತಿದ್ದ ಶೆಡ್ಡಿನ ಸುತ್ತ ಹೆಚ್ಚಾಗಿರುತ್ತದೆ. ಅಲ್ಲಿನ ಮಾದರಿಗಳನ್ನು ಫೇರ್‌ವೇ (ಟೀ ಮತ್ತು ಗ್ರೀನ್ ನಡುವಿನ ವಿಶಾಲ ಹುಲ್ಲುಹಾಸು) ಮಣ್ಣಿನೊಂದಿಗೆ ಬೆರೆಸಿದರೆ ಸರಾಸರಿ ತಗ್ಗಿ ನಿಜ ಮರೆಯಾಗುತ್ತದೆ, ಹಾಗಾಗಿ ಪ್ರತ್ಯೇಕವಾಗಿ ಪರೀಕ್ಷಿಸುವಂತೆ ಬರಹದಲ್ಲಿ ಕೇಳಿರಿ. ಫ್ಲೋರಿಡಾದಲ್ಲಿ ವಸತಿ ಭೂಮಿಗೆ ಆರ್ಸೆನಿಕ್‌ನ ಮಿತಿ ಕಿಲೋಗ್ರಾಂ ಮಣ್ಣಿಗೆ 2.1 ಮಿಲಿಗ್ರಾಂ. ಮಿತಿ ಮೀರಿದ ಮಣ್ಣನ್ನು ಸಾಗಿಸುವರೋ, ಶುದ್ಧ ಮಣ್ಣಿನಿಂದ ಮುಚ್ಚುವರೋ, ಅಗೆಯುವಾಗ ಏಳುವ ಧೂಳನ್ನು ಹೇಗೆ ತಡೆಯುವರೋ ಎಂಬುದು ಕೆಲಸ ಆರಂಭವಾಗುವ ಮುನ್ನವೇ ತಿಳಿದಿರಬೇಕು.

ಮೈದಾನದ ಕೊಳಗಳು ಅನೇಕ ಕಡೆ ಇಡೀ ಬಡಾವಣೆಯ ಮಳೆನೀರನ್ನು ಹಿಡಿದಿಡುತ್ತವೆ. ಅವನ್ನು ಮುಚ್ಚಿದರೆ ನೀರು ಎಲ್ಲಿಗೆ ಹೋಗುತ್ತದೆಂಬ ಲೆಕ್ಕವನ್ನು ಡೆವಲಪರ್ ನೇಮಿಸಿದವರಲ್ಲದ ಎಂಜಿನಿಯರ್‌ರಿಂದ ಪರಿಶೀಲಿಸಿಕೊಳ್ಳಿರಿ.

ಇಷ್ಟು ಕೈಯಲ್ಲಿದ್ದರೆ ಮಾತುಕತೆಗೆ ಬಲ ಬರುತ್ತದೆ. ಫ್ಲೋರಿಡಾದ ಕಾಲಿಯರ್ ಕೌಂಟಿಯ ನಿಯಮವು ಮರುಬಳಕೆಯ ಜಾಗದ ಶೇಕಡಾ 35ರಷ್ಟನ್ನು ಹಸಿರು ಪಟ್ಟಿಯಾಗಿ ಉಳಿಸಬೇಕೆಂದೂ, ಅದು ಸರಾಸರಿ 100 ಅಡಿ ಅಗಲವಿದ್ದು ಎಲ್ಲಿಯೂ 75 ಅಡಿಗಿಂತ ಕಿರಿದಾಗಬಾರದೆಂದೂ ಹೇಳಿತ್ತು. ನಿಮ್ಮ ಊರಿನಲ್ಲಿ ಅಂಥ ನಿಯಮವಿಲ್ಲದಿದ್ದರೂ ಅದನ್ನೇ ಮುಂದಿಟ್ಟು ಕೇಳಬಹುದು. ಒಪ್ಪಿದ್ದನ್ನೆಲ್ಲ ನೋಂದಾಯಿಸಿ, ಹಸಿರು ಪಟ್ಟಿಯ ನಿರ್ವಹಣಾ ವೆಚ್ಚ ಯಾರದೆಂಬುದನ್ನೂ, ಕಟ್ಟಡದ ಕೆಲಸ ಆರಂಭವಾಗುವವರೆಗೆ ಹುಲ್ಲು ಕತ್ತರಿಸಿ ಸೊಳ್ಳೆ ಬೆಳೆಯದಂತೆ ಕೊಳಗಳನ್ನು ನೋಡಿಕೊಳ್ಳುವವರು ಯಾರೆಂಬುದನ್ನೂ ಅದರಲ್ಲೇ ಬರೆಸಿರಿ.