ಟಿಕೆಟ್ ದುಡ್ಡು ಎಷ್ಟು ವಾಪಸ್ ಬೇಕು? – ವರ್ಷದ ಸಿನಿಮಾ ಲೆಕ್ಕ ಹಾಕಿದ ನನ್ನ ಅನುಭವ

ವರ್ಷ ಮುಗಿಯುವಾಗ ಸಿನಿಮಾ ಹುಚ್ಚಿರೋರು ಒಂದು ಕಡೆ ಸೇರಿ ಯಾವುದು ಚೆನ್ನಾಗಿತ್ತು, ಯಾವುದು ಕೈಕೊಟ್ಟಿತು ಅಂತ ಮಾತಾಡೋದು ಎಲ್ಲಾ ಊರಲ್ಲೂ ಇದ್ದದ್ದೇ. ಅದನ್ನ ಜಗಳ ಇಲ್ಲದೆ, ಕೊನೆಗೆ ನಂಬೋ ಹಾಗಿರೋ ಒಂದು ಪಟ್ಟಿ ಕೈಯಲ್ಲಿ ಹಿಡಿದು ಮುಗಿಸೋಕೆ ದಾವಣಗೆರೆಯಲ್ಲಿ ಆಗಲ್ಲ ಅಂತ ನನಗೆ ಹೇಳಿದವರೇ ಜಾಸ್ತಿ. 2024ರ ಸಿನಿಮಾಗಳಿಗೆ ಅಂತ ಸಂಕ್ರಾಂತಿ ಕಳೆದ ಮೇಲೆ ಕೂತ್ವಲ್ಲ, ಆಗ ಆಯ್ತು. ಎಪ್ಪತ್ತರ ಆಸುಪಾಸು ಜನ, ಎರಡೂವರೆ ಗಂಟೆ. ಒಂದು ಕುರ್ಚಿನೂ ಮುರೀಲಿಲ್ಲ. ಇಂಥ ಸಭೆ ಮಾಡಿ ಅನುಭವ ಇರೋರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು.

ಮೊದಮೊದಲು ಎಲ್ಲರ ಹಾಗೇ ಕೈ ಎತ್ತಿಸ್ತಿದ್ವಿ. ಮುಂದಿನ ಸಾಲಲ್ಲಿ ಗಂಟಲು ದೊಡ್ಡದಿರೋನು ಯಾವುದು ಹೇಳ್ತಾನೋ ಅದೇ ವರ್ಷದ ಸಿನಿಮಾ. ಆಮೇಲೆ ಮೊಬೈಲಲ್ಲಿ ಓಟ್ ಹಾಕಿಸಿದ್ವಿ. ಲಿಂಕು ಹೇಗೋ ಒಬ್ಬ ನಟರ ಅಭಿಮಾನಿ ಬಳಗಕ್ಕೆ ಹೋಯ್ತು. ರಾತ್ರಿ ಮಲಗೋವಾಗ ಅರವತ್ತು ಚಿಲ್ಲರೆ ಇದ್ದ ಓಟು ಬೆಳಿಗ್ಗೆ ಹಾಲು ತರೋ ಹೊತ್ತಿಗೆ ಎರಡು ಸಾವಿರ ದಾಟಿತ್ತು. ನಮ್ಮ ಗುಂಪಲ್ಲಿ ಇರೋದೇ ನೂರು ಜನ! ಹತ್ತಕ್ಕೆ ಅಂಕ ಕೊಡಿ ಅಂತಲೂ ಮಾಡಿ ನೋಡಿದೆ. ನಮ್ಮ ಜನ ಒಳ್ಳೆಯವರು, ಎಲ್ಲದಕ್ಕೂ ಏಳು ಕೊಡ್ತಾರೆ. ಪಾಪ ಕಷ್ಟಪಟ್ಟಿದ್ದಾರೆ ಅಂತ ಒಂದು, ಕನ್ನಡ ಸಿನಿಮಾ ಅಂತ ಇನ್ನೊಂದು. ಬಾಯಲ್ಲಿ ಬೈದೋರೂ ಚೀಟೀಲಿ ಏಳೇ ಬರೆದಿದ್ರು.

ದುಡ್ಡಂತೂ ಹೋಗ್ತಾನೇ ಇತ್ತು. ಹಾಲ್ ಬಾಡಿಗೆ ಮೂರು ಸಾವಿರದ ಹತ್ತಿರ, ಮೈಕ್‌ಸೆಟ್ ಎಂಟುನೂರು, ಮಂಡಕ್ಕಿ-ಮಿರ್ಚಿ ಮತ್ತು ಟೀಗೆ ಇನ್ನೊಂದು ಎರಡೂವರೆ ಸಾವಿರ. ನಂದು ಜೆರಾಕ್ಸ್ ಅಂಗಡಿ ಆಗಿದ್ರಿಂದ ಚೀಟಿ ಖರ್ಚು ಲೆಕ್ಕಕ್ಕಿಲ್ಲ. ಒಂದು ವರ್ಷ ಕೈಯಿಂದ ನಾಲ್ಕು ಸಾವಿರ ಹೋದಾಗ ಮನೇಲಿ ಕೇಳಿದ್ರು: "ಸಿನಿಮಾ ಮಾಡಿದೋರಿಗೆ ಲಾಸು ಸರಿ, ನಿಮಗ್ಯಾಕೆ?"

ಉಪಾಯ ಹೊಳೆದದ್ದು ಅಂಗಡೀಲೇ. ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೆ ಬಂದಿದ್ದ ಇಂಜಿನಿಯರಿಂಗ್ ಹುಡುಗ ಹಿಂದಿನ ದಿನ ನೋಡಿದ ಸಿನಿಮಾ ಬಗ್ಗೆ ಗೊಣಗ್ತಾ, "ಅಣ್ಣ, ಪೂರ್ತಿ ಬೇಡ, ಸೆಕೆಂಡ್ ಹಾಫ್ ದುಡ್ಡು ವಾಪಸ್ ಕೊಡಿಸಿದ್ರೆ ಸಾಕು" ಅಂದ. ಅಂಕ ಕೇಳಿದ್ರೆ ದಾಕ್ಷಿಣ್ಯ ಮಾಡೋ ಮನುಷ್ಯ ದುಡ್ಡು ಅಂದ್ರೆ ಎಷ್ಟು ಕರಾರುವಾಕ್ಕಾಗಿ ಮಾತಾಡ್ತಾನೆ ನೋಡಿ. ಅವತ್ತೇ ಚೀಟಿ ಬದಲಾಯಿಸಿದೆ. ಎರಡೇ ಪ್ರಶ್ನೆ:

ಈ ವರ್ಷ ನೋಡಿದ ಯಾವ ಸಿನಿಮಾದ ಟಿಕೆಟ್ ದುಡ್ಡು ವಾಪಸ್ ಬೇಕು? ಕೊಟ್ಟಿದ್ದೆಷ್ಟು, ಬೇಕಾಗಿದ್ದೆಷ್ಟು?

ಯಾವ ಸಿನಿಮಾಗೆ ನಿಮ್ಮ ದುಡ್ಡಲ್ಲಿ ಇನ್ನೊಬ್ಬರಿಗೆ ಟಿಕೆಟ್ ತೆಗೆಸಿಕೊಡ್ತೀರಿ? ಯಾರಿಗೆ?

ನಮ್ಮ ಗುಂಪಿನ ಹಿರಿಯರು, ಕಾಲೇಜಲ್ಲಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಚೀಟಿ ನೋಡಿ "ಏನಪ್ಪಾ, ಇದು ರಸಗ್ರಹಣನೋ ಸಂತೆ ಲೆಕ್ಕನೋ?" ಅಂದ್ರು. ಆದ್ರೆ ಚೀಟಿ ಬಿಚ್ಚಿ ಓದೋಕೆ ಶುರು ಮಾಡಿದ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅವರೇ. "130 ಕೊಟ್ಟೆ, 60 ಕೊಡಿ, ಇಂಟರ್ವಲ್ ತನಕ ಪರವಾಗಿಲ್ಲ." "ಪೂರ್ತಿ ಬೇಕು, ಪಾರ್ಕಿಂಗ್ 20 ಸೇರಿಸಿ." "ನಂದು ಬೇಡ, ಹೆಂಡತಿ ಟಿಕೆಟ್‌ದು ಕೊಡಿ, ಅವಳು ನಿದ್ದೆ ಮಾಡಿದ್ಲು." ಎರಡನೇ ಪ್ರಶ್ನೆಗಂತೂ ಇನ್ನೂ ಚೆನ್ನಾಗಿ ಬಂತು. ಒಬ್ಬರು ಶಾಖಾಹಾರಿ ಅನ್ನೋ ಸಿನಿಮಾದ ಹೆಸರು ಬರೆದು "ನಮ್ಮ ತಂದೆಗೆ. ಮೂವತ್ತು ವರ್ಷ ಹೋಟೆಲಲ್ಲಿ ಅಡುಗೆ ಮಾಡಿದೋರು" ಅಂತ ಬರೆದಿದ್ರು. ಆ ಸಿನಿಮಾದಲ್ಲಿರೋದು ಮಲೆನಾಡಿನ ಸಸ್ಯಾಹಾರಿ ಹೋಟೆಲ್, ಅದರಲ್ಲಿ ಅಡುಗೆ ಮಾಡೋ ರಂಗಾಯಣ ರಘು. ಆ ಚೀಟಿಗಿಂತ ಒಳ್ಳೆ ವಿಮರ್ಶೆ ನಾನು ಆ ಸಿನಿಮಾ ಬಗ್ಗೆ ಓದಿಲ್ಲ.

ಲೆಕ್ಕ ಹಾಕೋದ್ರಲ್ಲಿ ಒಂದು ಸೂಕ್ಷ್ಮ ಇದೆ. ವಾಪಸ್ ಕೇಳಿದ ರೂಪಾಯಿ ಕೂಡಿದ್ರೆ ದೊಡ್ಡ ಸಿನಿಮಾನೇ ಸೋಲುತ್ತೆ, ಯಾಕಂದ್ರೆ ನೋಡಿದೋರೇ ಹೆಚ್ಚು. ಬೆಂಗಳೂರಿನ ಮಲ್ಟಿಪ್ಲೆಕ್ಸಲ್ಲಿ 400 ಕೊಟ್ಟು ನೋಡಿದೋರ ಸಿಟ್ಟು ನಮ್ಮೂರ ಬಾಲ್ಕನಿ ಸಿಟ್ಟಿನ ಮೂರು ಪಟ್ಟು ಕಾಣುತ್ತೆ. ಹಾಗಾಗಿ ಕೊಟ್ಟಿದ್ದರಲ್ಲಿ ನೂರಕ್ಕೆ ಎಷ್ಟು ವಾಪಸ್ ಅಂತ ತೆಗೀಬೇಕು, ಆಮೇಲೆ ನಮ್ಮಲ್ಲಿ ಆ ಸಿನಿಮಾ ನೋಡಿದೋರೆಲ್ಲರ ಮೇಲೆ ಹಂಚಬೇಕು. ವಾಪಸ್ ಕೇಳದೋರದ್ದು ಸೊನ್ನೆ. ಕನಿಷ್ಠ ಎಷ್ಟು ಜನ ನೋಡಿರಬೇಕು ಅನ್ನೋ ಮಿತಿ ನಾನು ಇಟ್ಟಿದ್ದೀನಿ, ಎಷ್ಟು ಅಂತ ಹೇಳಲ್ಲ. ಹೇಳಿದ್ರೆ ಅಷ್ಟೇ ಜನ ಮಾತಾಡಿಕೊಂಡು ಬರ್ತಾರೆ. ಅಭಿಮಾನಿ ಸಂಘದ ಹುಡುಗರು ಸಿನಿಮಾ ನೋಡದೇ ಬರೆಯೋ ಚೀಟಿ ಹಿಡಿಯೋಕೆ ಚೀಟಿಯಲ್ಲೇ ಒಂದು ಬಲೆ ಇದೆ, ಅದೂ ನನ್ನ ಹತ್ರಾನೇ ಇರಲಿ.

ಸಂಕ್ರಾಂತಿ ತನಕ ಕಾಯೋದು ಯಾಕೆ ಅಂತ ಸುಮಾರು ಜನ ಕೇಳ್ತಾರೆ. 2023ರಲ್ಲಿ ಕಾಟೇರ ಬಂದಿದ್ದು ಡಿಸೆಂಬರ್ 29ಕ್ಕೆ. ಅದಕ್ಕೆ ಮುಂಚೆನೇ ಸಭೆ ಮಾಡಿದೋರ ಪಟ್ಟಿ ಹೊಸ ವರ್ಷಕ್ಕೇ ಹಳಸಿತ್ತು. 2024ರಲ್ಲೂ ಅಷ್ಟೇ, ಯುಐ ಡಿಸೆಂಬರ್ 20, ಮ್ಯಾಕ್ಸ್ 25. ಅದೇ ವಾರ ಕೇಳಿದ್ರೆ ಜನ ಸಿನಿಮಾ ಬಗ್ಗೆ ಮಾತಾಡಲ್ಲ, ನಟರ ಬಗ್ಗೆ ಮಾತಾಡ್ತಾರೆ. ಮೂರು ವಾರ ಆರಿದ್ರೆ ಸರಿ ಹೋಗುತ್ತೆ. ತಡ ಮಾಡಿದ್ರೆ ಇನ್ನೊಂದು ತೊಂದರೆ: ಫೆಬ್ರವರಿ ಸಿನಿಮಾ ಯಾರಿಗೂ ನೆನಪಿರಲ್ಲ. ಇನ್ನೂರಕ್ಕೂ ಮೇಲೆ ಬರುತ್ತಲ್ಲ ವರ್ಷಕ್ಕೆ! ಅದಕ್ಕೆ ನಾನು ಪ್ರತಿ ಶುಕ್ರವಾರದ ಪೇಪರಿನ ಸಿನಿಮಾ ಜಾಹೀರಾತು ಕತ್ತರಿಸಿ ಲಾಂಗ್ ಬುಕ್ಕಿಗೆ ಅಂಟಿಸಿ, ಸಭೆ ದಿನ ತಿಂಗಳವಾರು ಜೆರಾಕ್ಸ್ ಮಾಡಿ ಗೋಡೆ ತುಂಬ ಹಚ್ತೀನಿ. ಅದನ್ನ ಹಚ್ಚಿದ ಮೇಲೆಯೇ ಫೆಬ್ರವರಿಯ ಶಾಖಾಹಾರಿ, ಮಾರ್ಚಿನ ಬ್ಲಿಂಕ್ ಚೀಟಿಗೆ ಬಂದದ್ದು. ಹಿಂದಿನ ಪದ್ಧತಿಯಲ್ಲಾಗಿದ್ರೆ ಎರಡೂ ಮಾಯ. ಚುನಾವಣೆ, ಐಪಿಎಲ್ ಎರಡೂ ಒಟ್ಟಿಗೆ ಇದ್ದ ಬೇಸಿಗೆಯಲ್ಲಿ ಥಿಯೇಟರ್ ಖಾಲಿ ಹೊಡೀತಿತ್ತು. ಜನರ ತಲೆಯಲ್ಲಿ ವರ್ಷ ಶುರುವಾಗೋದೇ ಆಗಸ್ಟಿನ ಭೀಮ ಮತ್ತು ಕೃಷ್ಣಂ ಪ್ರಣಯ ಸಖಿಯಿಂದ.

ಸಪ್ತ ಸಾಗರದಾಚೆ ಎಲ್ಲೋ ಎರಡು ಭಾಗವಾಗಿ ಬಂದ 2023ರಲ್ಲಿ ಇನ್ನೊಂದು ಕಗ್ಗಂಟು. ಸೈಡ್ ಎ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಅದು ಒಂದು ಸಿನಿಮಾನೋ ಎರಡೋ? ಒಂದೇ ಅನ್ನೋರ ಚೀಟೀಲಿ ಅದು ಮೆಚ್ಚಿನ ಸಾಲಲ್ಲಿ. ಎರಡು ಅನ್ನೋರು ಮೊದಲನೇದಕ್ಕೆ ತಂಗೀನ ಕರ್ಕೊಂಡು ಹೋಗ್ತೀನಿ ಅಂತಾರೆ, ಎರಡನೇದಕ್ಕೆ ಅರ್ಧ ದುಡ್ಡು ವಾಪಸ್ ಕೇಳ್ತಾರೆ. ನಾನು ಟಿಕೆಟ್ ಎರಡು ಹರಿದಿದ್ರೆ ಸಿನಿಮಾ ಎರಡು ಅಂತ ತೀರ್ಮಾನ ಮಾಡಿದೆ. ಮೇಷ್ಟ್ರು ಇವತ್ತಿಗೂ ಒಪ್ಪಿಲ್ಲ. ಬೇರೆ ಭಾಷೆಯ ಸಿನಿಮಾ ಸೇರಿಸಬೇಕಾ ಅನ್ನೋ ಜಗಳಕ್ಕೆ ಚೀಟಿ ಹಿಂಬದೀಲಿ ಜಾಗ ಬಿಟ್ಟಿದ್ದೀನಿ, ಮಲಯಾಳಂನ ಮಂಜುಮ್ಮೆಲ್ ಬಾಯ್ಸ್ ಅಲ್ಲಿ ತುಂಬಿ ತುಳುಕಿತ್ತು.

ಮುಖ್ಯವಾದ್ದು, ನಿರಾಸೆ ಮೊದಲು, ಮೆಚ್ಚಿದ್ದು ಆಮೇಲೆ. ಉಲ್ಟಾ ಮಾಡಿದ್ರೆ ಹೊಗಳಿ ಹೊಗಳಿ ಸಭೆ ಮೆತ್ತಗಾಗಿ, ಬೈಯೋ ಸರದಿ ಬಂದಾಗ ಎಲ್ಲರೂ "ಏನೂ ಇಲ್ಲ ಸರ್" ಅಂತಾರೆ. ಬೈದು ಮುಗಿದ ಕೂಡಲೇ ಮಿರ್ಚಿ ಬರಬೇಕು. ಬಾಯಿ ಉರಿಯುವಾಗ ಜಗಳ ಮುಂದುವರಿಯಲ್ಲ. ನಗಬೇಡಿ, ಮಿರ್ಚಿ ಮೊದಲೇ ಕೊಟ್ಟೂ ನೋಡಿದ್ದೀನಿ, ಅರ್ಧ ಜನ ತಿಂದು ಎದ್ದು ಹೋದ್ರು.

ನಿರೀಕ್ಷೆಯನ್ನೂ ಅಳೆದು ನೋಡಿದೆ. ಬಿಡುಗಡೆಯ ಹಿಂದಿನ ದಿನ ಅಂಗಡಿಗೆ ಬಂದೋರ ಹತ್ರ "ನಾಳೆ ಈ ಸಿನಿಮಾಗೆ ಎಷ್ಟು ರೂಪಾಯಿ ತನಕ ಕೊಡ್ತೀರಿ?" ಅಂತ ಬರೆಸಿ ಕವರಲ್ಲಿ ಹಾಕಿ ಮುಚ್ಚಿಟ್ಟೆ. ವರ್ಷಗಟ್ಟಲೆ ಕಾಯಿಸಿ ಅಕ್ಟೋಬರಲ್ಲಿ ಬಂದ ಮಾರ್ಟಿನ್‌ಗೆ ಜನ ಮುನ್ನೂರರ ತನಕ ಬರೆದಿದ್ರು. ನಮ್ಮ ಪಟ್ಟೀಲಿ ವಾಪಸ್ ಕೇಳಿದ್ದೂ ಅದಕ್ಕೇ ಹೆಚ್ಚು. ಕವರ್ ಬಿಚ್ಚಿ ಓದಿದಾಗ ಬರೆದೋರೇ "ಇದು ನನ್ನ ಅಕ್ಷರ ಅಲ್ಲ" ಅಂದ್ರು. ಯುಐ ಕಥೆ ಬೇರೆ. ಪೂರ್ತಿ ದುಡ್ಡು ಕೇಳಿದೋರು ಎಷ್ಟು ಜನವೋ, ಎರಡೆರಡು ಸಲ ನೋಡಿ ಗೆಳೆಯನಿಗೂ ಟಿಕೆಟ್ ತೆಗೀತೀನಿ ಅಂದೋರೂ ಸುಮಾರು ಅಷ್ಟೇ. ಸರಾಸರಿ ತೆಗೆದ್ರೆ ಅದು ಸಾಧಾರಣ ಸಿನಿಮಾ ಅಂತ ಬರುತ್ತೆ, ಅದು ಶುದ್ಧ ಸುಳ್ಳು. ಅಂಥವಕ್ಕೆ ಎರಡೂ ಪಟ್ಟೀಲಿ ಜಾಗ ಕೊಟ್ಟೆ. ಥಿಯೇಟರ್ ಪಾರ್ಕಿಂಗ್ ಹುಡುಗನ ಹತ್ರ ಇಂಟರ್ವಲ್‌ಗೆ ಎಷ್ಟು ಬೈಕು ಆಚೆ ಹೋಯ್ತು ಅಂತಲೂ ಕೇಳ್ತಾ ಬಂದಿದ್ದೀನಿ. ಅವನ ಲೆಕ್ಕಕ್ಕೂ ನಮ್ಮ ಚೀಟಿಗೂ ಹೆಚ್ಚು ಕಡಿಮೆ ತಾಳೆ ಆಗುತ್ತೆ.

ಒಟಿಟಿ ಮಾತ್ರ ಇನ್ನೂ ಬಗೆಹರಿದಿಲ್ಲ. ಟಿಕೆಟ್ಟೇ ಇಲ್ಲದೋರು ಏನು ವಾಪಸ್ ಕೇಳ್ತಾರೆ? ಎಷ್ಟು ನಿಮಿಷ ವಾಪಸ್ ಬೇಕು ಅಂತ ಕೇಳಿದೆ. ಹಾಡು, ಫೈಟು ಎಲ್ಲಾ ಓಡಿಸಿ ನೋಡಿದೋರು "ನಂದೇನೂ ಹೋಗಿಲ್ಲ" ಅಂತ ಬರೆದ್ರು. ಸದ್ಯಕ್ಕೆ ಅವರ ಚೀಟಿ ಬೇರೆ ಡಬ್ಬೀಲಿ.

ತಲಾ ನೂರು ರೂಪಾಯಿ ಪ್ರವೇಶ ಇಟ್ಟಿದ್ರಿಂದ ಆ ಸಲ ಖರ್ಚು ಕಳೆದು ಆರುನೂರೋ ಏಳುನೂರೋ ಉಳೀತು. ಹರಿಹರದ ಗೆಳೆಯರು ಚೀಟಿ ನಮೂನೆ ಕೇಳಿದ್ದಾರೆ. ಕೊಡ್ತೀನಿ, ಬಲೆ ತೆಗೆದು.