ರೈಲು ಡಬ್ಬಿ ಕಟ್ಟುವವರೇ, ಕೆಳಗಿನಿಂದ ಶುರುಮಾಡಿ

ಜನ ಕೂತು ಹೋಗುವ ಪುಟ್ಟ ರೈಲಿನ ಒಂದು ಡಬ್ಬಿ, ನೋಡೋಕೆ ಎರಡು ಕಣ್ಣು ಸಾಲದು. ಕಿಟಕಿಗೆ ಪುಟ್ಟ ಪರದೆ, ಬಾಗಿಲಿಗೆ ಹಿತ್ತಾಳೆ ಹಿಡಿಕೆ, ಮೈಗೆಲ್ಲ ಮೂರು ಕೋಟು ವಾರ್ನಿಷ್. ಕಟ್ಟಿದವರು ಅದಕ್ಕೆ ಎರಡು ವರ್ಷ ಕೊಟ್ಟಿದ್ದರು. ಹವ್ಯಾಸಿಗಳ ಕ್ಲಬ್ಬಿನ ಹಳಿ ಮೇಲೆ ಇಳಿಸಿ, ಎಂಜಿನ್ನಿಗೆ ಸಿಕ್ಕಿಸಿ, ನಿಧಾನವಾಗಿ ಎಳೆದರು. ಮೊದಲ ತಿರುವಿನಲ್ಲೇ ಮುಂದಿನ ಚಕ್ರ ಹಳಿ ಹತ್ತಿ ಆಚೆ ಇಳಿಯಿತು. ಎತ್ತಿ ಇಟ್ಟರೆ ಮತ್ತೆ ಅದೇ ಜಾಗದಲ್ಲಿ ಇಳಿಯಿತು. ಹಳಿಯದ್ದೇ ತಪ್ಪಿರಬೇಕು ಅಂತ ಹಳಿ ಅಳೆದರು. ಹಳಿ ಸರಿಯಾಗೇ ಇತ್ತು. ಕೊನೆಗೆ ಡಬ್ಬಿ ಮಗುಚಿ ನೋಡಿದರೆ, ಚಕ್ರಗಳ ಚೌಕಟ್ಟಿನ ನಾಲ್ಕೂ ಮೂಲೆಗೆ ಗಟ್ಟಿ ವೆಲ್ಡಿಂಗ್. ಅಲುಗಾಡೋಕೆ ಒಂದು ಚೂರೂ ಆಟ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಈ ಹವ್ಯಾಸ ಹಿಡಿದ ಮೇಲೆ ಇಂಥದ್ದನ್ನು ನಾಲ್ಕೈದು ಸಲ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ಈ ಲೇಖನ.

ಇದು ಶೋಕೇಸಿನಲ್ಲಿ ಇಡುವ ಆಟಿಕೆ ರೈಲಲ್ಲ. ಜನ ಮೇಲೆ ಕೂತು ಹೋಗುವ ಪುಟ್ಟ ರೈಲು. ಅಮೆರಿಕದ ಪಶ್ಚಿಮದ ಕಡೆ ಎರಡು ಹಳಿಗಳ ನಡುವೆ 7½ ಇಂಚು ಅಂತರ. ಇಂಗ್ಲೆಂಡಿನಲ್ಲಿ ಮತ್ತು ಅಮೆರಿಕದ ಈಶಾನ್ಯದಲ್ಲಿ 7¼ ಇಂಚು. ವಾಲ್ಟ್ ಡಿಸ್ನಿ 1950ರಲ್ಲಿ ಲಾಸ್ ಏಂಜಲೀಸಿನ ತಮ್ಮ ಮನೆಯ ಹಿತ್ತಲಲ್ಲಿ ಓಡಿಸಿದ ಕ್ಯಾರೊಲ್‌ವುಡ್ ಪೆಸಿಫಿಕ್ ಕೂಡ 7¼ ಇಂಚಿನದ್ದು, 1:8 ಅಳತೆಯದ್ದು, ಅಂದರೆ ಅಸಲಿ ರೈಲಿನ ಎಂಟನೇ ಒಂದು ಭಾಗ. ಅಲ್ಲಿ ಅತಿಥಿಗಳು ಕೂರುತ್ತಿದ್ದದ್ದು ಗೂಡ್ಸ್ ಡಬ್ಬಿಗಳ ಮೇಲೆ. ಗೂಡ್ಸ್ ಡಬ್ಬಿ ಸುಲಭ, ಅದೊಂದು ಪೆಟ್ಟಿಗೆ ಅಷ್ಟೇ. ಪ್ಯಾಸೆಂಜರ್ ಡಬ್ಬಿಯ ಕಷ್ಟವೇ ಬೇರೆ.

ಮುಂದೆ ಹೋಗೋ ಮುಂಚೆ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮಲ್ಲಿ ಬೋಗಿ ಅಂದರೆ ಇಡೀ ಡಬ್ಬಿ. "ಯಾವ ಬೋಗಿ, ಎಷ್ಟನೇ ಸೀಟು?" ಅಂತ ಕೇಳ್ತೀವಲ್ವಾ? ಆದರೆ ರೈಲ್ವೆ ಕಾರ್ಖಾನೆಯವರ ಬಾಯಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗೆ ಎರಡೂ ತುದಿಯಲ್ಲಿ ತಿರುಗುವ ಚಕ್ರದ ಗಾಡಿ. ಇಲ್ಲಿ ನಾನೂ ಹಾಗೇ ಬಳಸುತ್ತೇನೆ. ಜನ ಕೂರುವುದು ಡಬ್ಬಿ, ಅದನ್ನು ಹೊರುವುದು ಬೋಗಿ.

ಯಾವ ಡಬ್ಬಿ ಆರಿಸಬೇಕು

ಮೊದಲ ಡಬ್ಬಿಗೆ 1880ರ ದಶಕದ 50 ಅಡಿಯ ಮರದ ಕೋಚ್ ಆರಿಸಿ. 1:8ರಲ್ಲಿ ಅದು 6 ಅಡಿ 3 ಇಂಚು ಬರುತ್ತದೆ. ವ್ಯಾನಿನಲ್ಲಿ ಹಿಡಿಸುತ್ತದೆ, ಇಬ್ಬರು ಎತ್ತಬಹುದು. 85 ಅಡಿಯ ಉಕ್ಕಿನ ಕೋಚ್ ಚೆಂದವೇ. ಆದರೆ ಅದು ಹತ್ತೂವರೆ ಅಡಿಗಿಂತ ಉದ್ದವಾಗುತ್ತದೆ, ಬಿಗಿ ತಿರುವಿನಲ್ಲಿ ನಡುಭಾಗ ಒಳಕ್ಕೆ ಚಾಚುತ್ತದೆ. ಮೊದಲಿಗೆ ಬೇಡವೇ ಬೇಡ. ಭಾರತದ ಬ್ರಾಡ್‌ಗೇಜ್ ಡಬ್ಬಿಯೇ ಬೇಕು ಅನ್ನುವವರು 1:8 ಅಂತ ಕೂರಬೇಡಿ. ನಮ್ಮ ಹಳಿಯ ಅಗಲ 1676 ಮಿ.ಮೀ., 7½ ಇಂಚಿನ ಹಳಿಗೆ ಅಳತೆ ಸುಮಾರು 1:8.8 ಆಗುತ್ತದೆ.

ಕೂರುವುದು ಎಲ್ಲಿ ಅನ್ನುವುದನ್ನೂ ಈಗಲೇ ತೀರ್ಮಾನಿಸಬೇಕು. ಚಾವಣಿಯ ಮೇಲೆ ಜನರನ್ನು ಕೂರಿಸುವವರಿದ್ದಾರೆ. ಹಳಿಯಿಂದ 20 ಇಂಚು ಮೇಲೆ, 7½ ಇಂಚಿನ ಆಧಾರದ ಮೇಲೆ! ನಾನು ಒಪ್ಪುವುದಿಲ್ಲ. ನನ್ನ ದಾರಿ ಇದು: ಡಬ್ಬಿಯನ್ನು ಕಿಟಕಿಯ ಕೆಳ ಅಂಚಿನಲ್ಲಿ ಅಡ್ಡಕ್ಕೆ ಎರಡು ಭಾಗ ಮಾಡಿ. ಕಿಟಕಿಸಾಲು ಮತ್ತು ಚಾವಣಿ ಸೇರಿ ಒಂದೇ ತುಂಡು, ಮುಚ್ಚಳದ ಹಾಗೆ ಎತ್ತಿ ತೆಗೆಯುವಂತಿರಲಿ. ಜನ ಕೂರುವ ದಿನ ಅದನ್ನು ತೆಗೆದಿಟ್ಟು ಹಲಗೆ, ಮೆತ್ತೆ ಹಾಕಿ. ಸೀಟು ಹಳಿಯಿಂದ 10 ಇಂಚಿಗೆ ಇಳಿಯುತ್ತದೆ. ಕಾಲು ಎರಡೂ ಬದಿಗೆ ಬಿಟ್ಟು ಕುದುರೆ ಮೇಲೆ ಕೂತಂತೆ ಕೂರಬೇಕು, ಪಾದಕ್ಕೆ ಹೊರಗೆ ಕಾಲ್ಮೆಟ್ಟು.

ಬೋಗಿ: ಇಲ್ಲಿ ಅವಸರ ಬೇಡ

ಎರಡು ಬೋಗಿ, ಒಟ್ಟು ಎಂಟು ಚಕ್ರ. 33 ಇಂಚಿನ ಅಸಲಿ ಚಕ್ರ 1:8ರಲ್ಲಿ 4⅛ ಇಂಚು. ಎರಕದ ಕಬ್ಬಿಣದ್ದೋ ಉಕ್ಕಿನದ್ದೋ ತಗೊಳ್ಳಿ. ಗೇಟಿಗೆ ಹಾಕುವ ಚಕ್ರ, ನೈಲಾನ್ ಚಕ್ರ ಅಂತ ಅಗ್ಗಕ್ಕೆ ಸಿಗುತ್ತವೆ. ಅವನ್ನು ಮುಟ್ಟಲೇಬೇಡಿ. ಹಳಿ ಮೇಲೆ ಉರುಳುವ ಭಾಗ ಚಪ್ಪಟೆಯಾಗಿರಬಾರದು, ಹೊರಗಡೆಗೆ 2ರಿಂದ 3 ಡಿಗ್ರಿ ಇಳಿಜಾರು ಇರಬೇಕು. ಆ ಇಳಿಜಾರೇ ಚಕ್ರಜೋಡಿಯನ್ನು ಹಳಿಗಳ ನಡುವೆ ತಂದು ನಿಲ್ಲಿಸುವುದು. ಚಕ್ರ ಹಳಿಯಿಂದ ಜಾರದಂತೆ ಒಳಬದಿಯಲ್ಲಿ ಎದ್ದಿರುವ ಅಂಚು, ಅಂದರೆ ಫ್ಲ್ಯಾಂಜ್, ಅದರ ಬುಡದಲ್ಲಿ ಚೂಪು ಮೂಲೆ ಇರಬಾರದು, ಉರುಟಾಗಿರಬೇಕು. ಒಂದೇ ಆಕ್ಸಲ್‌ನ ಎರಡು ಚಕ್ರಗಳನ್ನು ಲೇತ್‌ನಲ್ಲಿ ಜೋಡಿಯಾಗಿಯೇ ಟರ್ನ್ ಮಾಡಿಸಿ. ವ್ಯಾಸದಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸ ಬಂದರೂ ಗಾಡಿ ಸದಾ ಒಂದೇ ಕಡೆ ಎಳೆಯುತ್ತದೆ.

ಈಗ ಚಕ್ರ ಕೂರಿಸುವುದು. ಎರಡು ಚಕ್ರಗಳ ಒಳಮೈ ನಡುವಿನ ಅಂತರ 7½ ಇಂಚಿನ ಹಳಿಗೆ 7⅛ ಇಂಚು. ಇದನ್ನು ಸ್ಕೇಲ್ ಹಿಡಿದು ಅಳೆಯಬೇಡಿ. ಒಂದು ಉಕ್ಕಿನ ಪಟ್ಟಿಯನ್ನು ಸರಿಯಾಗಿ 7⅛ ಇಂಚಿಗೆ ಕತ್ತರಿಸಿ, ತುದಿ ಉಜ್ಜಿ ಇಟ್ಟುಕೊಳ್ಳಿ. ಅದೇ ನಿಮ್ಮ ಅಳತೆಗೋಲು. ¾ ಇಂಚಿನ ಆಕ್ಸಲ್ ಮತ್ತು ಚಕ್ರದ ತೂತು ಎರಡನ್ನೂ ಅಸಿಟೋನ್‌ನಿಂದ ಒರೆಸಿ, ಲಾಕ್‌ಟೈಟ್ 638ರಂಥ ಲೋಹದ ಅಂಟು ಹಚ್ಚಿ ಚಕ್ರ ತೂರಿಸಿ. ಪಟ್ಟಿಯನ್ನು ನಡುವೆ ಹಿಡಿದು, ಮೇಲೆ ಒಂದು ಕಡೆ, ಕೆಳಗೆ ಎರಡು ಕಡೆ, ಹೀಗೆ ಮೂರು ಜಾಗದಲ್ಲಿ ನೋಡಿ. ಮೂರರಲ್ಲೂ ಪಟ್ಟಿ ಒಂದೇ ಬಿಗಿಯಲ್ಲಿ ಸರಿಯಬೇಕು. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಅಂದರೆ ಚಕ್ರ ಓಲಾಡುತ್ತದೆ ಅಂತ ಅರ್ಥ. ಅಂಟು ಹಿಡಿಯೋ ಮುಂಚೆಯೇ ಸರಿಮಾಡಿ, ಆಮೇಲೆ 24 ಗಂಟೆ ಮುಟ್ಟಬೇಡಿ. ಆಕ್ಸಲ್‌ನ ತುದಿಗಳನ್ನು ಬೇರಿಂಗಿಗಾಗಿ 15 ಮಿ.ಮೀ.ಗೆ ಮೊದಲೇ ಟರ್ನ್ ಮಾಡಿಸಿರಬೇಕು.

ಇನ್ನು ಚೌಕಟ್ಟು. ಎಲ್ಲರೂ ಎಡವುವುದು ಇಲ್ಲೇ. ಕುರ್ಚಿಯ ಉದಾಹರಣೆ ಕೊಡುತ್ತೇನೆ. ಏರುಪೇರಿನ ನೆಲದಲ್ಲಿ ನಾಲ್ಕು ಕಾಲಿನ ಕುರ್ಚಿ ಇಟ್ಟರೆ ಒಂದು ಕಾಲು ಗಾಳಿಯಲ್ಲಿ ನಿಲ್ಲುತ್ತದೆ. ಗಟ್ಟಿ ವೆಲ್ಡ್ ಮಾಡಿದ ಬೋಗಿಯೂ ಅಷ್ಟೇ. ತೋಟದಲ್ಲಿ ಹಾಕಿದ ಹಳಿ ಎಂದೂ ಪೂರ್ತಿ ಸಮ ಇರುವುದಿಲ್ಲ. ಮಳೆ ಬಂದರೆ ಒಂದು ಕಡೆ ಕುಸಿಯುತ್ತದೆ, ಮರದ ಬೇರು ಇನ್ನೊಂದು ಕಡೆ ಎತ್ತುತ್ತದೆ. ಭಾರವಿಲ್ಲದ ಚಕ್ರ ತಿರುವಿಗೆ ಬಂದಾಗ ಅದರ ಫ್ಲ್ಯಾಂಜ್ ಸಲೀಸಾಗಿ ಹಳಿ ಏರುತ್ತದೆ. ಆದ್ದರಿಂದ ಬೋಗಿಯ ಎರಡು ಪಕ್ಕದ ಪಟ್ಟಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏತದ ಹಾಗೆ ಮೇಲೆ ಕೆಳಗೆ ಆಡಬೇಕು.

ಮಾಡುವುದು ಹೀಗೆ. ಪಕ್ಕದ ಪಟ್ಟಿಗೆ 10 ಮಿ.ಮೀ. ದಪ್ಪ, 50 ಮಿ.ಮೀ. ಅಗಲದ ಉಕ್ಕಿನ ಫ್ಲ್ಯಾಟ್. ಎರಡು ಆಕ್ಸಲ್‌ಗಳ ನಡುವೆ 10½ ಇಂಚು ಅಂತರ. ನಟ್ಟನಡುವೆ ತೂತು ಕೊರೆದು, 25 ಮಿ.ಮೀ. ಉದ್ದದ ಕಂಚಿನ ಬುಶ್ (ಪಿನ್ ಕೂರುವ ಕೊಳವೆ) ಕೂರಿಸಿ. ಎರಡು ಪಕ್ಕದ ಪಟ್ಟಿಗಳನ್ನು ಜೋಡಿಸುವ ಅಡ್ಡ ತೊಲೆಯ ತುದಿಯಲ್ಲಿರುವ 12 ಮಿ.ಮೀ. ಪಿನ್ ಈ ಬುಶ್‌ನೊಳಗೆ ಕೂರುತ್ತದೆ. ಬುಶ್ ಉದ್ದ ಕಡಿಮೆ ಮಾಡಬೇಡಿ, ಮಾಡಿದರೆ ಪಟ್ಟಿ ಅಡ್ಡಾದಿಡ್ಡಿ ವಾಲಿ ಬೋಗಿ ಸೊಟ್ಟಗಾಗುತ್ತದೆ. ಕೊನೆಗೆ ವಾಷರ್, ಅದರ ಮೇಲೆ ನೈಲಾನ್ ಬಳೆ ಇರುವ ಲಾಕ್ ನಟ್ಟು. ನಟ್ಟು ಪೂರ್ತಿ ಬಿಗಿದು ಅರ್ಧ ಸುತ್ತು ಹಿಂದಕ್ಕೆ ಬಿಡಿ. ಪಟ್ಟಿಯನ್ನು ಬೆರಳಲ್ಲಿ ತಳ್ಳಿದರೆ ಆಡಬೇಕು.

ಬೇರಿಂಗ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಪಟ್ಟಿಗಳು ಬೇರೆ ಬೇರೆ ಆಡಿದಾಗ ಆಕ್ಸಲ್ ಸ್ವಲ್ಪ ಓರೆಯಾಗುತ್ತದೆ. ಎಲ್ಲರೂ ಹಾಕುವ 6202 ಬೇರಿಂಗ್ ಆ ಓರೆ ಸಹಿಸುವುದಿಲ್ಲ, ಒಳಗೇ ಹಿಡಿದುಕೊಳ್ಳುತ್ತದೆ. ಆಗ ನೀವು ಕಷ್ಟಪಟ್ಟು ಕೊಟ್ಟ ಆಟವೆಲ್ಲ ವ್ಯರ್ಥ. ಅದರ ಬದಲು ತಾನೇ ಓರೆ ಹೊಂದಿಸಿಕೊಳ್ಳುವ 2202 ಹಾಕಿ. ಒಳತೂತು 15, ಹೊರವ್ಯಾಸ 35 ಮಿ.ಮೀ., ಎರಡೂ ಅಳತೆ 6202ರಷ್ಟೇ. ದಪ್ಪ ಮಾತ್ರ 11ರ ಬದಲು 14 ಮಿ.ಮೀ. ಎರಡೂ ಬದಿಗೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ ತಗೊಳ್ಳಿ, ಹಳಿಯ ಧೂಳು ಕೆಟ್ಟದ್ದು. ಪೆಟ್ಟಿಗೆ ಮೇಲೆ ಹೆಸರೇ ಇಲ್ಲದ ಅಗ್ಗದ ಬೇರಿಂಗ್ ತಗೊಂಡರೆ ಆಮೇಲೆ ಎಲ್ಲ ಬಿಚ್ಚಬೇಕಾಗುತ್ತದೆ. ದುಡ್ಡು ಉಳಿಸುವುದಿದ್ದರೆ ಬಣ್ಣದಲ್ಲಿ ಉಳಿಸಿ.

ಮೊದಲ ಡಬ್ಬಿಗೆ ಸ್ಪ್ರಿಂಗ್ ಬೇಡ. ನಡೆಯುವ ವೇಗಕ್ಕೆ ಈ ಆಟವೇ ಸಾಕು.

ಡಬ್ಬಿ ಬೋಗಿಯ ಮೇಲೆ ಕೂರುವ ಜಾಗ

ನಡುವೆ ಒಂದು ದುಂಡು ತಟ್ಟೆ, ಅದರ ಮಧ್ಯೆ ಒಂದು ಪಿನ್. ಭಾರವೆಲ್ಲ ತಟ್ಟೆಯ ಮೇಲೆ ಇರಬೇಕು, ಪಿನ್ ಬರೀ ಜಾರದಂತೆ ಹಿಡಿಯೋಕೆ. ತಟ್ಟೆಗೆ ಗ್ರೀಸ್ ಹಚ್ಚಿ. ಡಬ್ಬಿ ಪಕ್ಕಕ್ಕೆ ವಾಲದಂತೆ ತಟ್ಟೆಯ ಎರಡೂ ಬದಿಗೆ ಒಂದೊಂದು ತಡೆ ಕೊಡುತ್ತಾರೆ. ನಾಲ್ಕೂ ತಡೆಗಳನ್ನು ಒಂದೇ ಬಿಗಿಯಲ್ಲಿ ಇಟ್ಟರೆ ಮತ್ತೆ ನಾಲ್ಕು ಕಾಲಿನ ಕುರ್ಚಿಯೇ! ಒಂದು ತುದಿಯ ಬೋಗಿಯಲ್ಲಿ ತಡೆಗೂ ಡಬ್ಬಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಮಾತ್ರ ಜಾಗ ಬಿಡಿ. ಇನ್ನೊಂದು ತುದಿಯಲ್ಲಿ 3 ಮಿ.ಮೀ. ಬಿಡಿ. ಒಂದು ಬೋಗಿ ಡಬ್ಬಿಯನ್ನು ನೆಟ್ಟಗೆ ಹಿಡಿಯುತ್ತದೆ, ಇನ್ನೊಂದು ಹಳಿಯ ಏರಿಳಿತಕ್ಕೆ ತಕ್ಕಂತೆ ಓಲಾಡುತ್ತದೆ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ನಿಲ್ಲುತ್ತದಲ್ವಾ, ಹಾಗೆ.

ಇಷ್ಟಾದ ಮೇಲೆ ಪರೀಕ್ಷೆ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಬೋಗಿಯನ್ನು ಕಟ್ಟೆ ಮೇಲಿಟ್ಟು, ಅಡ್ಡ ತೊಲೆಯ ನಡುವೆ ಹತ್ತು ಕೆ.ಜಿ. ಅಕ್ಕಿ ಚೀಲ ಇಡಿ. ಒಂದು ಚಕ್ರದ ಕೆಳಗೆ 6 ಮಿ.ಮೀ. ದಪ್ಪದ ಪಟ್ಟಿ ತೂರಿಸಿ. ಇಡುವಾಗಲೇ ಉಳಿದ ಮೂರು ಚಕ್ರಗಳ ಕೆಳಗೆ ಸುದ್ದಿ ಪತ್ರಿಕೆಯ ಒಂದೊಂದು ಚೂರು ಇಟ್ಟಿರಿ. ಈಗ ಕಾಗದ ಎಳೆಯಿರಿ. ಮೂರೂ ಹರಿಯಬೇಕು. ಯಾವುದಾದರೂ ಒಂದು ಸುಮ್ನೆ ಜಾರಿ ಕೈಗೆ ಬಂದರೆ ಆ ಚಕ್ರದ ಮೇಲೆ ಭಾರವೇ ಇಲ್ಲ. ಪಿನ್ ಬಿಗಿಯಾಗಿದೆಯೋ, ಬುಶ್ ಓರೆಯಾಗಿದೆಯೋ ಹುಡುಕಿ. ಪ್ರತಿ ಚಕ್ರಕ್ಕೂ ಇದೇ ಪರೀಕ್ಷೆ ಮಾಡಿ. ಒಂದು ಸಂಜೆ ಪೂರ್ತಿ ಹೋಗುತ್ತದೆ, ಹೋಗಲಿ. ಇದು ಮುಗಿಯುವ ತನಕ ಪ್ಲೈವುಡ್ ಕತ್ತರಿಸಬೇಡಿ.

ನೆಲ, ಮೈ, ಚಾವಣಿ

ನೆಲಕ್ಕೆ ಉದ್ದುದ್ದಕ್ಕೆ ಎರಡು ಚೌಕ ಉಕ್ಕಿನ ಪೈಪು, ಮೇಲೆ 12 ಮಿ.ಮೀ. ಬರ್ಚ್ ಪ್ಲೈವುಡ್. ಬೋಗಿಗಳ ನಡುವಿನ ಜಾಗದಲ್ಲಿ, ಆದಷ್ಟು ಕೆಳಗೆ, ಕಬ್ಬಿಣದ ತುಂಡುಗಳನ್ನು ಬೋಲ್ಟು ಮಾಡಿ ತೂಕ ಹೆಚ್ಚಿಸಿ. ಡಬ್ಬಿ ಹಗುರ ಇದ್ದಷ್ಟೂ ಒಳ್ಳೆಯದು ಅಂತ ಹಲವರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. 80 ಕೆ.ಜಿ. ತೂಕದವರು 30 ಕೆ.ಜಿ.ಯ ಡಬ್ಬಿಯ ಮೇಲೆ ಕೂತು 5 ಇಂಚಿಗಿಂತ ಸ್ವಲ್ಪ ಜಾಸ್ತಿ ಪಕ್ಕಕ್ಕೆ ಸರಿದರೆ ಡಬ್ಬಿ ಮಗುಚುತ್ತದೆ. ಡಬ್ಬಿ 60 ಕೆ.ಜಿ. ಇದ್ದರೆ ಆರೂವರೆ ಇಂಚಿನವರೆಗೆ ತಡೆಯುತ್ತದೆ. ಇದೂ ನಿಂತ ಗಾಡಿಯ ಲೆಕ್ಕ. ಹತ್ತುವಾಗ ಒಬ್ಬರು ಕಾಲ್ಮೆಟ್ಟಿನ ಮೇಲೆ ಪೂರ್ತಿ ನಿಂತರೆ 60 ಕೆ.ಜಿ.ಯೂ ಸಾಲದು. ಅದಕ್ಕೇ ಎರಡೂ ಪಾದ ನೆಲದ ಮೇಲಿಟ್ಟು, ಕೂತು, ಆಮೇಲೆ ಕಾಲು ಎತ್ತಿಕೊಳ್ಳಿ ಅಂತ ಪ್ರತಿಯೊಬ್ಬರಿಗೂ ಹೇಳಿ. ಮಕ್ಕಳಿಗೆ ಎರಡು ಸಲ ಹೇಳಿ.

ಮೈಗೆ 6 ಮಿ.ಮೀ. ಪ್ಲೈವುಡ್ ಸಾಕು. ಹಲಗೆ ಜೋಡಿಸಿದಂತೆ ಕಾಣಲು ಚೂಪು ಮೊಳೆಯಿಂದ ಉದ್ದಕ್ಕೆ ಗೀರಿ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಒಂದು ರಾತ್ರಿ ಇಬ್ಬನಿಯಲ್ಲಿ ಬಿಟ್ಟರೆ ಅಂಚು ಉಬ್ಬಿಕೊಳ್ಳುತ್ತದೆ. ಕಿಟಕಿಗೆ ಅಕ್ರಿಲಿಕ್ ಸ್ಕ್ರೂ ಹಾಕುವಾಗಲೇ ಬಿರುಕು ಬಿಡುತ್ತದೆ, ಪಾಲಿಕಾರ್ಬೊನೇಟ್ ಹಾಕಿ. ಚಾವಣಿಗೆ ಕಮಾನು ಪಟ್ಟಿಗಳ ಮೇಲೆ ತೆಳು ರೀಪು ಜೋಡಿಸಿ, ಹಸಿ ಬಣ್ಣದ ಮೇಲೆ ದಪ್ಪ ಕಾಟನ್ ಬಟ್ಟೆ ಎಳೆದು ಕೂರಿಸಿ, ಮತ್ತೆ ಬಣ್ಣ ಬಳಿಯಿರಿ. ಹಳೆಯ ಕೋಚ್‌ಗಳಿಗೂ ಹೀಗೇ ಕ್ಯಾನ್ವಾಸ್ ಹೊದಿಸುತ್ತಿದ್ದರು. ಮರಗೆಲಸ ನೋಡಿ ಕಲಿಯಬೇಕು ಅಂದರೆ ಊರಿಗೆ ಹೋದಾಗ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ. 1979ರಿಂದ ಇದೆ. ಅಲ್ಲಿನ ಮಹಾರಾಣಿ ಸಲೂನ್ ಅನ್ನುವ ರಾಜಮನೆತನದ ಡಬ್ಬಿಯ ಒಳಗಿನ ಅಲಂಕಾರವನ್ನು ಎಲ್ಲರೂ ನೋಡುತ್ತಾರೆ. ನೀವು ಬಗ್ಗಿ ಕೆಳಗಿನ ಚೌಕಟ್ಟನ್ನೂ ನೋಡಿ.

ಕೊಂಡಿ ಮತ್ತು ಮೊದಲ ಓಟ

ಡಬ್ಬಿಗಳನ್ನು ಜೋಡಿಸುವ ಕೊಂಡಿಯ, ಅಂದರೆ ಕಪ್ಲರ್‌ನ, ಎತ್ತರ ನಿಮ್ಮ ಕ್ಲಬ್ಬಿನ ಬೇರೆ ಡಬ್ಬಿಗಳಿಗೆ ಹೊಂದಬೇಕು. ಅಮೆರಿಕದ ಅಸಲಿ ರೈಲಿನ 34½ ಇಂಚು 1:8ರಲ್ಲಿ ಸುಮಾರು 4.3 ಇಂಚು ಆಗುತ್ತದೆ. ಎತ್ತರಕ್ಕಿಂತ ಮುಖ್ಯ, ಅದು ಎಡಕ್ಕೂ ಬಲಕ್ಕೂ ಧಾರಾಳವಾಗಿ ತಿರುಗಬೇಕು. ಎಡ ತಿರುವಿನ ಹಿಂದೆಯೇ ಬಲ ತಿರುವು ಬಂದಾಗ ಪಕ್ಕಪಕ್ಕದ ಎರಡು ಡಬ್ಬಿಗಳ ತುದಿಗಳು ವಿರುದ್ಧ ದಿಕ್ಕಿಗೆ ಚಾಚುತ್ತವೆ. ಕಪ್ಲರ್ ಬಿಗಿಯಾಗಿದ್ದರೆ ಒಂದು ಡಬ್ಬಿ ಇನ್ನೊಂದನ್ನು ಹಳಿಯಿಂದ ಆಚೆ ನೂಕುತ್ತದೆ. ಎರಡೂ ಬದಿಗೆ ಸುರಕ್ಷತಾ ಸರಪಳಿ ಹಾಕಿ. ಬ್ರೇಕ್ ಬಗ್ಗೆ ನಿಮ್ಮ ಕ್ಲಬ್ಬಿನ ನಿಯಮ ಏನಿದೆಯೋ ಅದರಂತೆ ಮಾಡಿ.

ಮೊದಲ ಓಟಕ್ಕೆ ಜನ ಬೇಡ, ಮರಳು ಚೀಲ ಸಾಕು. ಮೊದಲು ಖಾಲಿ ಡಬ್ಬಿ, ಆಮೇಲೆ ಎರಡು ಚೀಲ, ಆಮೇಲೆ ನಾಲ್ಕು. ಎಳೆದಂತೆಯೇ ಹಿಂದಕ್ಕೆ ತಳ್ಳಿಯೂ ನೋಡಿ, ಏಕೆಂದರೆ ಎಳೆಯುವಾಗ ಕಾಣದ ತಪ್ಪು ತಳ್ಳುವಾಗ ಹೊರಗೆ ಬರುತ್ತದೆ. ಪಕ್ಕದಲ್ಲಿ ಬಗ್ಗಿ ನಡೆಯುತ್ತಾ ಚಕ್ರಗಳನ್ನೇ ನೋಡಿ. ಹಳಿ ಜೋಡಣೆಯ ಜಾಗದಲ್ಲಿ ಪಕ್ಕದ ಪಟ್ಟಿ ಒಂದಿಷ್ಟು ಮೇಲೆದ್ದು ಕೆಳಗಿಳಿಯುತ್ತದೆ, ಮೇಲಿನ ಡಬ್ಬಿ ಮಿಸುಕುವುದಿಲ್ಲ. ಆಗ ಮರಳು ಚೀಲ ಇಳಿಸಿ, ಮನೆಯವರನ್ನು ಕರೆದು ಕೂರಿಸಿ.